ಪಡ್ಡು ಹಂಚು ಎಲ್ಲಿದೆ? ಅಂಗಡಿಗಳಿಗೂ ಬ್ರ್ಯಾಂಡ್‌ಗಳಿಗೂ ಕೆಟಗರಿ ಕಟ್ಟುವ ಸಮಗ್ರ ಮಾರ್ಗದರ್ಶಿ

ನಮ್ಮ ಮಾವನ ಪಾತ್ರೆ ಅಂಗಡಿ ಇರುವುದು ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ. ಗಿರಾಕಿ ಬಂದು "ಪಡ್ಡು ಹಂಚು ಇದೆಯಾ?" ಅಂದರೆ ಸಾಕು, ಒಳಗಿನ ಹುಡುಗ ಅರ್ಧ ನಿಮಿಷದಲ್ಲಿ ಎರಡು ಮೂರು ಥರದ್ದು ತಂದು ಎದುರಿಗೆ ಇಡುತ್ತಾನೆ. ಅದೇ ಅಂಗಡಿಗೆ ವೆಬ್‌ಸೈಟ್ ಮಾಡಿಸಿದಾಗ ಆ ಹಂಚು ಯಾರಿಗೂ ಸಿಗಲಿಲ್ಲ. ಸೈಟ್ ಮಾಡಿಕೊಟ್ಟವರು ಅದನ್ನು 'ಕುಕ್‌ವೇರ್' ಒಳಗೆ 'ನಾನ್‌ಸ್ಟಿಕ್', ಅದರೊಳಗೆ 'ಇತರೆ' ಅನ್ನುವ ಮೂಲೆಯಲ್ಲಿ ಇಟ್ಟಿದ್ದರು. ಗಿರಾಕಿಗಳು ಸೈಟ್ ನೋಡಿ, ಸಿಗದೆ, ಕೊನೆಗೆ ಫೋನ್ ಮಾಡಿ ಕೇಳುತ್ತಿದ್ದರು. ಆಮೇಲೆ ನಾನೇ ಕೂತು ಇಡೀ ಪಟ್ಟಿಯನ್ನು ಮೊದಲಿಂದ ಕಟ್ಟಿದೆ. ನಂತರ ಒಂದು ಸೀರೆ ಅಂಗಡಿಗೂ, ಒಂದು ಚಿಕ್ಕ ಮಸಾಲೆ ಪುಡಿ ಬ್ರ್ಯಾಂಡಿಗೂ ಇದೇ ಕೆಲಸ ಮಾಡಿಕೊಟ್ಟೆ. ಮೂರೂ ಕಡೆ ಕಲಿತದ್ದು ಇಲ್ಲಿದೆ.

ಕೆಟಗರಿ ಅನ್ನುವುದು ಬೆಂಗಳೂರಿಗೆ ಹೊಸದೇನಲ್ಲ. 1537ರಲ್ಲಿ ಕೆಂಪೇಗೌಡರು ಶುರು ಮಾಡಿದ ಪೇಟೆಯೇ ಒಂದು ಕೆಟಗರಿ ಪಟ್ಟಿ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೆಪೇಟೆ, ಮಡಕೆಗೆ ಕುಂಬಾರಪೇಟೆ, ಎಣ್ಣೆಗೆ ಗಾಣಿಗರಪೇಟೆ. ಹೆಸರಿನಲ್ಲೇ ಮಾಲು ಇದೆ, ಇಲ್ಲವೇ ಅದನ್ನು ಮಾಡುವವರು ಇದ್ದಾರೆ. ಹಳ್ಳಿಯಿಂದ ಮೊದಲ ಸಲ ಬಂದವರೂ ಹೆಸರು ಕೇಳಿಯೇ ಎಲ್ಲಿಗೆ ಹೋಗಬೇಕು ಅಂತ ತಿಳಿದುಕೊಳ್ಳಬಹುದಿತ್ತು. ನಿಮ್ಮ ಸೈಟಿನ ಮೆನು ಮಾಡಬೇಕಾದ ಕೆಲಸವೂ ಅಷ್ಟೇ.

ಈ ಬರಹದಲ್ಲಿ ಬರುವ ಎಲ್ಲವೂ ಒಂದು ಮಾತಿನ ಮೇಲೆ ನಿಂತಿದೆ. "ಏನು ಬೇಕು?" ಅಂತ ಕೇಳಿದಾಗ ಗಿರಾಕಿ ಕೊಡುವ ಉತ್ತರ ಕೆಟಗರಿ. "ಎಂಥದ್ದು ಬೇಕು?" ಅಂತ ಕೇಳಿದಾಗ ಕೊಡುವ ಉತ್ತರ ಫಿಲ್ಟರ್, ಅಂದರೆ ಸೈಟಿನಲ್ಲಿ ಕಾಣುವ ಪಟ್ಟಿಯನ್ನು ಸೋಸುವ ಆಯ್ಕೆ. ಇವೆರಡನ್ನು ಬೆರೆಸಿದ ಕಡೆಯಲ್ಲೆಲ್ಲ ಗೊಂದಲ ಆಗುತ್ತದೆ.

ಹೆಜ್ಜೆ 1: ಇರುವುದನ್ನೆಲ್ಲ ಒಂದು ಶೀಟಿಗೆ ತನ್ನಿ

ಸೈಟಿನ ಅಡ್ಮಿನ್ ಪೇಜ್ ತೆರೆಯಬೇಡಿ. ಮೊದಲು ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದು ಸಾಲಿಗೆ ಒಂದು ಸಾಮಾನು. ಕಾಲಂಗಳು ಹೀಗಿರಲಿ: ನಿಮ್ಮ ಸ್ಟಾಕ್ ಕೋಡ್, ಸಪ್ಲೈಯರ್ ಬಿಲ್ಲಿನಲ್ಲಿರುವ ಹೆಸರು, ಗಿರಾಕಿ ಕರೆಯುವ ಹೆಸರು, ಲೋಹ, ಅಳತೆ, ಬ್ರ್ಯಾಂಡ್, ಯಾವ ಒಲೆಗೆ ಆಗುತ್ತದೆ, ಮಾರುವ ಲೆಕ್ಕ, ಬೆಲೆ, ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿ ಬಿಲ್ಲಿಗೆ ಬೇಕಾದ, ಮಾಲಿನ ಬಗೆಯ ಸಂಖ್ಯೆ).

ಸಪ್ಲೈಯರ್ ಹೆಸರು ಮತ್ತು ಗಿರಾಕಿಯ ಹೆಸರು ಬೇರೆ ಬೇರೆ ಕಾಲಂನಲ್ಲೇ ಇರಬೇಕು. ಬಿಲ್ಲಿನಲ್ಲಿ 'ಟೋಪ್ ನಂ. 12' ಅಂತ ಇರುತ್ತದೆ, ಗಿರಾಕಿ ಬಂದು "ಅನ್ನದ ಪಾತ್ರೆ ಕೊಡಿ, ಆರು ಜನಕ್ಕೆ ಆಗುವಂಥದ್ದು" ಅನ್ನುತ್ತಾರೆ. ಬಿಲ್ಲಿನ ಹೆಸರನ್ನೇ ಸೈಟಿಗೆ ಹಾಕಿದರೆ ನೀವು ಸಪ್ಲೈಯರ್ ಜೊತೆ ಮಾತಾಡುತ್ತಿದ್ದೀರಿ ಅಂತಾಯಿತು. 'ಮಾರುವ ಲೆಕ್ಕ' ಅನ್ನುವ ಕಾಲಂ ಯಾಕೆ ಅಂದರೆ, ನಮ್ಮಲ್ಲಿ ಸ್ಟೀಲ್ ಡಬ್ಬಿ ಪೀಸ್ ಲೆಕ್ಕದಲ್ಲಿ ಹೋಗುತ್ತದೆ, ಹಿತ್ತಾಳೆ ತಾಮ್ರ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಇದನ್ನು ಈಗಲೇ ಬರೆದಿಡದಿದ್ದರೆ ಆಮೇಲೆ ಬೆಲೆಯ ಫಿಲ್ಟರ್ ಪೂರ್ತಿ ಹಾಳಾಗುತ್ತದೆ.

ಈ ಹಂತದಲ್ಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ನಾಲ್ಕು ತಟ್ಟೆಯ ಇಡ್ಲಿ ಸ್ಟ್ಯಾಂಡ್, ಆರು ತಟ್ಟೆಯದ್ದು, ಇವು ಎರಡು ಸ್ಟಾಕ್ ಕೋಡ್, ಆದರೆ ಒಂದೇ ಪ್ರಾಡಕ್ಟ್. ಅಳತೆ ಅಥವಾ ಬಣ್ಣ ಮಾತ್ರ ಬದಲಾಗಿ ಉಳಿದದ್ದೆಲ್ಲ ಒಂದೇ ಆಗಿದ್ದರೆ ಅವನ್ನು ಒಂದೇ ಪೇಜಿನಲ್ಲಿ ವೇರಿಯಂಟ್, ಅಂದರೆ ಆರಿಸಿಕೊಳ್ಳುವ ಆಯ್ಕೆ, ಮಾಡಿ. ಬೇರೆ ಬೇರೆ ಪೇಜ್ ಮಾಡಿದರೆ ಒಂದೇ ಫೋಟೋ ಸಾಲಾಗಿ ಎಂಟು ಸಲ ಕಾಣುತ್ತದೆ, ನೋಡುವವರು ಬೇಸತ್ತು ಹೊರಟುಹೋಗುತ್ತಾರೆ.

ಹೆಜ್ಜೆ 2: ಗಿರಾಕಿಯ ಮಾತನ್ನು ಹಾಗೇ ಬರೆದುಕೊಳ್ಳಿ

ಇದಕ್ಕೆ ನಾನು ಎರಡು ಶನಿವಾರ ಗಲ್ಲಾ ಪಕ್ಕ ಕೂತೆ, ಕೈಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು. ಬಂದವರು ಬಾಯಿಬಿಟ್ಟು ಕೇಳಿದ ಮೊದಲ ಪದ ಏನು ಅನ್ನುವುದನ್ನು ಮಾತ್ರ ಬರೆದುಕೊಂಡೆ, ತಿದ್ದಲಿಲ್ಲ. ನಿಮಗೆ ಅಂಗಡಿ ಇಲ್ಲದಿದ್ದರೆ ವಾಟ್ಸ್‌ಆಪ್‌ನಲ್ಲಿ ಬಂದ ಆರ್ಡರ್‌ಗಳನ್ನು ಓದಿ, ಸೈಟಿನ ಸರ್ಚ್ ಬಾಕ್ಸಿನಲ್ಲಿ ಜನ ಟೈಪ್ ಮಾಡಿದ್ದನ್ನು ತೆಗೆದು ನೋಡಿ, ಫೋನ್ ಎತ್ತುವವರನ್ನು ಕೇಳಿ.

ಒಂದೇ ವಸ್ತುವಿಗೆ ಎಷ್ಟು ಹೆಸರು ಅಂತ ಅಲ್ಲೇ ಗೊತ್ತಾಗುತ್ತದೆ. ಪಡ್ಡು ಹಂಚನ್ನು ಕೆಲವರು ಗುಳಿಯಪ್ಪದ ಹಂಚು ಅನ್ನುತ್ತಾರೆ, ಕೆಲವರು ಗುಂಡುಪೊಂಗಲು ಹಂಚು ಅನ್ನುತ್ತಾರೆ, ತಮಿಳು ಮನೆಯವರು ಪಣಿಯಾರ ಕಲ್ಲು ಕೇಳುತ್ತಾರೆ, ತೆಲುಗಿನವರು ಪೊಂಗನಾಲು ಅನ್ನುತ್ತಾರೆ. ಬೆಂಗಳೂರಿನಲ್ಲಿ ಈಳಿಗೆ ಮಣೆ ಆದದ್ದು ಕರಾವಳಿಯವರಿಗೆ ಮೆಟ್ಟುಕತ್ತಿ. ನಮ್ಮ ತುರಿಮಣೆ ಅವರಿಗೆ ಹೆರೆಮಣೆ. ನಮ್ಮ ಬಿಂದಿಗೆ ಅವರಿಗೆ ಕೊಡಪಾನ. ಬಾಣಲೆ ಅನ್ನುವವರೂ ಇದ್ದಾರೆ, ಕಡಾಯಿ ಅನ್ನುವವರೂ ಇದ್ದಾರೆ. ಜೊತೆಗೆ ಬಹಳ ಜನ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಪಡ್ಡುವಿಗೆ ಒಬ್ಬರು ಒಂದು 'ಡಿ' ಹಾಕುತ್ತಾರೆ, ಇನ್ನೊಬ್ಬರು ಎರಡು ಹಾಕುತ್ತಾರೆ.

ಇಷ್ಟು ಹೆಸರಿಗೂ ಒಂದೊಂದು ಕೆಟಗರಿ ಬೇಡ. ಜಾಸ್ತಿ ಜನ ಹೇಳಿದ್ದನ್ನು ಕೆಟಗರಿ ಹೆಸರಾಗಿ ಇಡಿ. ಉಳಿದವನ್ನೆಲ್ಲ 'ಸಮಾನ ಪದ' ಅನ್ನುವ ಕಾಲಂಗೆ ಹಾಕಿ, ಸರ್ಚ್‌ಗೆ ಜೋಡಿಸಿ. ಈ ಒಂದು ಕಾಲಂ ಮಾಡಲು ನನಗೆ ಎರಡು ವಾರ ಹಿಡಿಯಿತು. ಆದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಕಾಲಂ, ದಯವಿಟ್ಟು ಇದನ್ನು ಅರ್ಧಕ್ಕೆ ಬಿಡಬೇಡಿ.

ಹೆಜ್ಜೆ 3: 'ಏನು' ಮತ್ತು 'ಎಂಥದ್ದು' ಬೇರೆ ಮಾಡಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಹಳೆಯ ಸೈಟಿನಲ್ಲಿ ಮೊದಲ ಸಾಲು ಲೋಹ: ಸ್ಟೀಲ್, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಕಬ್ಬಿಣ. ಅದರ ಕೆಳಗೆ ಪಾತ್ರೆಯ ಬಗೆ. ಅದರ ಕೆಳಗೆ ಅಳತೆ. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಬಾಣಲೆ ಬೇಕಾದವರು ಐದು ಕಡೆ ಹೋಗಿ ಐದು ಸಲ ನೋಡಬೇಕಿತ್ತು, ಯಾಕೆಂದರೆ ಬಾಣಲೆ ಐದು ಲೋಹದಲ್ಲೂ ಇತ್ತು. ಲೆಕ್ಕ ಹಾಕಿ ನೋಡಿ. 12 ಬಗೆಯ ಪಾತ್ರೆ, 5 ಲೋಹ, 4 ಅಳತೆ, ಗ್ಯಾಸ್ ಅಥವಾ ಇಂಡಕ್ಷನ್ ಅಂತ 2 ಒಲೆ. ಎಲ್ಲವನ್ನೂ ಕೆಟಗರಿ ಮಾಡಿ ಮರದ ಹಾಗೆ ಇಳಿಸಿದರೆ 480 ಕೊಂಬೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಖಾಲಿ. ಬಗೆಯನ್ನು ಮಾತ್ರ ಕೆಟಗರಿ ಮಾಡಿ ಉಳಿದ ಮೂರನ್ನು ಫಿಲ್ಟರ್ ಮಾಡಿದರೆ ನೀವು ನಿಭಾಯಿಸಬೇಕಾದದ್ದು 12 ಕೆಟಗರಿ ಮತ್ತು 11 ಫಿಲ್ಟರ್ ಆಯ್ಕೆ, ಒಟ್ಟು 23. ಗಿರಾಕಿಗೆ ಮಾತ್ರ ಅದೇ 480 ದಾರಿಯೂ ತೆರೆದಿರುತ್ತದೆ.

ಈ ವಿಚಾರವನ್ನು ಜಗತ್ತಿಗೆ ಗಟ್ಟಿಯಾಗಿ ಕೊಟ್ಟವರು ಬೆಂಗಳೂರಿನಲ್ಲಿ ಬಾಳಿದವರೇ ಅನ್ನುವುದು ನನಗೆ ಬಹಳ ಹೆಮ್ಮೆಯ ಸಂಗತಿ. ಎಸ್.ಆರ್. ರಂಗನಾಥನ್ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದವರು. ತರಬೇತಿಗೆ ಲಂಡನ್ನಿಗೆ ಹೋಗಿದ್ದಾಗ ಸೆಲ್ಫ್‌ರಿಜಸ್ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸುವ ರೀತಿ ಬದಲಾದರೆ ಬೇರೆ ಬೇರೆ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೆ ಬಿಡಿ ಭಾಗಗಳಾಗಿ ಒಡೆದು ಬೇಕಾದ ಹಾಗೆ ಜೋಡಿಸಬಹುದಲ್ಲ ಅಂತ ಅವರಿಗೆ ಹೊಳೆಯಿತು. ಅದರಿಂದ ಬೆಳೆದ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಡಿಯಲ್ಲಿ ಡಿಆರ್‌ಟಿಸಿ ಅನ್ನುವ, ದಾಖಲೆಗಳ ವಿಂಗಡಣೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಇವತ್ತು ಯಾವುದೇ ಶಾಪಿಂಗ್ ಆಪ್‌ನಲ್ಲಿ ಕಾಣುವ ಬಣ್ಣ, ಅಳತೆ, ಬ್ರ್ಯಾಂಡ್ ಫಿಲ್ಟರ್‌ಗಳ ಹಿಂದೆ ಇರುವುದು ಇದೇ ಆಲೋಚನೆ. ಅಂಗಡಿಯಲ್ಲಿ ಹೊಳೆದದ್ದು ಲೈಬ್ರರಿಗೆ ಹೋಗಿ, ಮತ್ತೆ ಅಂಗಡಿಗೇ ಬಂತು.

ಯಾವುದು 'ಏನು', ಯಾವುದು 'ಎಂಥದ್ದು' ಅಂತ ತೀರ್ಮಾನಿಸಲು ನಾನು ಒಂದು ಸರಳ ಪರೀಕ್ಷೆ ಮಾಡುತ್ತೇನೆ. ಗಿರಾಕಿ ಬರೀ ಆ ಒಂದು ಪದ ಹೇಳಿದರೆ ಅಂಗಡಿಯ ಹುಡುಗ ಒಳಗೆ ಹೋಗಿ ಏನಾದರೂ ತರಬಲ್ಲನೇ? "ಬಾಣಲೆ" ಅಂದರೆ ತರುತ್ತಾನೆ. "ಎರಡು ಲೀಟರ್" ಅಂದರೆ ನಿಂತು ಮುಖ ನೋಡುತ್ತಾನೆ. ಎರಡು ಲೀಟರ್ ಫಿಲ್ಟರ್.

ಆದರೆ ಈ ಪರೀಕ್ಷೆಯ ಉತ್ತರ ವ್ಯಾಪಾರದಿಂದ ವ್ಯಾಪಾರಕ್ಕೆ ಬದಲಾಗುತ್ತದೆ, ಅದನ್ನು ಮರೆಯಬೇಡಿ. ಪಾತ್ರೆಗೆ ಲೋಹ ಫಿಲ್ಟರ್ ಆಯಿತು ಅಂತ ಸೀರೆಗೂ ಬಟ್ಟೆಯ ಬಗೆಯನ್ನು ಫಿಲ್ಟರ್ ಮಾಡಿ ಎಲ್ಲವನ್ನೂ 'ಸೀರೆ' ಅಂತ ಒಂದೇ ರಾಶಿ ಹಾಕಿದರೆ ಕೆಲಸ ಕೆಡುತ್ತದೆ. ಸೀರೆ ಅಂಗಡಿಗೆ ಬಂದವರು "ಮೈಸೂರು ಸಿಲ್ಕ್ ತೋರಿಸಿ", "ಇಳಕಲ್ ಇದೆಯಾ", "ಮೊಳಕಾಲ್ಮೂರು ನೋಡೋಣ" ಅನ್ನುತ್ತಾರೆ. ಅಲ್ಲಿ ನೇಯ್ಗೆಯ ಹೆಸರೇ 'ಏನು'. ಹತ್ತಿ, ರೇಷ್ಮೆ ಅಂತ ಮೇಲಿನ ಹಂತದಲ್ಲೇ ಒಡೆದರೆ ಇಳಕಲ್ ಸೀರೆಯನ್ನು ಎಲ್ಲಿ ಹಾಕುತ್ತೀರಿ? ಅದರ ಮೈ ಹತ್ತಿ ಇದ್ದು ಸೆರಗು ರೇಷ್ಮೆ ಇರುವುದುಂಟು. ಇನ್ನೊಂದು ಎಚ್ಚರಿಕೆ: ಮೈಸೂರು ಸಿಲ್ಕ್ ಅನ್ನುವುದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಅದು ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿ ಹೆಸರಿನಲ್ಲಿದೆ. ನೋಡಲು ಹಾಗೇ ಇರುವ ಬೇರೆ ಕ್ರೇಪ್ ಸಿಲ್ಕ್ ಸೀರೆಗಳನ್ನು ಆ ಕೆಟಗರಿಗೆ ತುಂಬಬಾರದು, ಅವಕ್ಕೆ 'ಕ್ರೇಪ್ ಸಿಲ್ಕ್' ಅಂತಲೇ ಜಾಗ ಕೊಡಿ.

ಹೆಜ್ಜೆ 4: ಚೀಟಿ ಬರೆದು ನೆಲದ ಮೇಲೆ ಹರಡಿ

ಕೆಟಗರಿಗಳನ್ನು ಮೇಲಿಂದ ಕೆಳಗೆ ಯೋಚಿಸಬೇಡಿ. ಕೆಳಗಿಂದ ಮೇಲಕ್ಕೆ ಕಟ್ಟಿ. ಹೆಜ್ಜೆ 3ರಲ್ಲಿ ಸಿಕ್ಕ ಒಂದೊಂದು 'ಏನು' ಅನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ಇಡ್ಲಿ ಪಾತ್ರೆ, ಪಡ್ಡು ಹಂಚು, ಶಾವಿಗೆ ಒರಳು, ಚಕ್ಕುಲಿ ಒರಳು, ಕಾಫಿ ಫಿಲ್ಟರ್, ದಬರಾ ಲೋಟ, ಕುಕ್ಕರ್, ಸೌಟು, ಮುದ್ದೆ ಕೋಲು, ಪಂಚಪಾತ್ರೆ, ಹೀಗೆ. ಚೀಟಿಗಳನ್ನು ನೆಲದ ಮೇಲೆ ಹರಡಿ, ಮನೆಯವರನ್ನು, ಪಕ್ಕದ ಮನೆಯವರನ್ನು, ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆದು "ಒಟ್ಟಿಗೆ ಇರಬೇಕು ಅನಿಸಿದ್ದನ್ನು ಒಟ್ಟಿಗೆ ಹಾಕಿ, ಆ ಗುಂಪಿಗೆ ಒಂದು ಹೆಸರು ಕೊಡಿ" ಅನ್ನಿ. ಈ ಕೆಲಸ ಮಾಡುವವರು ಇದಕ್ಕೆ ಕಾರ್ಡ್ ಸಾರ್ಟಿಂಗ್ ಅನ್ನುತ್ತಾರೆ. ಹದಿನೈದು ಮಂದಿ ಮಾಡಿದರೆ ಸಾಕು, ಆಮೇಲೆ ಬಂದವರು ಹೊಸದೇನೂ ಹೇಳುವುದಿಲ್ಲ. ನೀವು ಮಧ್ಯೆ ಬಾಯಿ ಹಾಕಬೇಡಿ. ಸುಮ್ನೆ ಫೋಟೋ ತೆಗೆದುಕೊಳ್ಳುತ್ತಾ ಹೋಗಿ.

ನನಗೆ ಅಚ್ಚರಿ ಆದದ್ದು ಒಂದು. ಇಡ್ಲಿ ಪಾತ್ರೆ, ಪಡ್ಡು ಹಂಚು, ಶಾವಿಗೆ ಒರಳು, ಚಕ್ಕುಲಿ ಒರಳು, ದೋಸೆ ಕಾವಲಿ, ಇವು ಲೋಹದಲ್ಲಿ, ಆಕಾರದಲ್ಲಿ, ಮಾಡುವ ಕೆಲಸದಲ್ಲಿ ಎಲ್ಲ ರೀತಿಯಲ್ಲೂ ಬೇರೆ. ಆದರೂ ಹೆಚ್ಚಿನವರು ಇವನ್ನು ಒಂದೇ ರಾಶಿ ಮಾಡಿದರು. ಹೆಸರು ಕೇಳಿದರೆ "ತಿಂಡಿ ಸಾಮಾನು" ಅಂದರು. ಯಾವ ಮಾರ್ಕೆಟ್‌ಪ್ಲೇಸಿನ (ಹಲವು ಅಂಗಡಿಗಳ ಮಾಲು ಮಾರುವ ದೊಡ್ಡ ಸೈಟಿನ) ಪಟ್ಟಿಯಲ್ಲೂ ನಾನು ಈ ಕೆಟಗರಿ ನೋಡಿರಲಿಲ್ಲ. ನಮ್ಮ ಅಡುಗೆಮನೆಯ ತಲೆ ಓಡುವುದೇ ಹಾಗೆ: ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಕಾಫಿ. ಕೊನೆಗೆ ನಮ್ಮ ಮೇಲಿನ ಸಾಲು ಹೀಗೆ ನಿಂತಿತು: ಅಡುಗೆ ಪಾತ್ರೆ, ತಿಂಡಿ ಸಾಮಾನು, ಕುಕ್ಕರ್, ಕಾಫಿ ಮತ್ತು ಟೀ, ಊಟ ಬಡಿಸುವ ಸಾಮಾನು, ಡಬ್ಬಿಗಳು, ಹೆಚ್ಚುವ ತುರಿಯುವ ಸಾಮಾನು, ಪೂಜೆ ಸಾಮಾನು, ಮಿಕ್ಸಿ ಮತ್ತು ಗ್ರೈಂಡರ್. ಒಟ್ಟು ಒಂಬತ್ತು. ಫೋನಿನ ಪರದೆಯಲ್ಲಿ ಒಂದೇ ನೋಟಕ್ಕೆ ಕಾಣಬೇಕು ಅಂದರೆ ಹತ್ತಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆಳ ಎರಡು ಹಂತ ಸಾಕು, ತೀರಾ ಬೇಕಾದ ಕಡೆ ಮೂರು.

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ಚಿಕ್ಕದಿರಲಿ, ವಸ್ತುವಿನ ಹೆಸರಿರಲಿ, ಬಣ್ಣನೆ ಬೇಡ. 'ಸೊಗಸಾದ ಅಡುಗೆಮನೆ' ಅನ್ನುವುದು ಜಾಹೀರಾತಿಗೆ ಸರಿ, ಮೆನುವಿಗೆ ಅಲ್ಲ.

ಹೆಜ್ಜೆ 5: ಎರಡು ಕಡೆ ಸೇರುವ ಸಾಮಾನು

ತಾಮ್ರದ ಚೊಂಬು ಪೂಜೆ ಸಾಮಾನೋ, ನೀರು ಕುಡಿಯುವ ಸಾಮಾನೋ? ಇಂಥ ಜಗಳ ಖಂಡಿತ ಬರುತ್ತದೆ. ನಮ್ಮ ಮನೆಯಲ್ಲಿ ಇದರ ಮೇಲೆ ಒಂದು ಸಂಜೆ ಪೂರ್ತಿ ಮಾತಾಯಿತು. ನಿಯಮ ಹೀಗಿಟ್ಟುಕೊಳ್ಳಿ: ಪ್ರತಿ ಸಾಮಾನಿಗೂ ಒಂದೇ ಸ್ವಂತ ಮನೆ. ಬೇಕಿದ್ದರೆ ಇನ್ನೊಂದು ಕಡೆ ನೆಂಟನ ಹಾಗೆ ಕಾಣಿಸಿಕೊಳ್ಳಲಿ, ಆದರೆ ಕ್ಲಿಕ್ ಮಾಡಿದರೆ ಅದೇ ಒಂದು ಪೇಜಿಗೆ ಬರಲಿ. ಎರಡು ಪೇಜ್ ಮಾಡಿದರೆ ಸ್ಟಾಕ್ ಎರಡು ಕಡೆ ತಿದ್ದಬೇಕು, ರಿವ್ಯೂ ಹಂಚಿಹೋಗುತ್ತದೆ, ಗೂಗಲ್‌ಗೂ ಯಾವುದು ನಿಜವಾದ ಪೇಜ್ ಅಂತ ಗೊಂದಲ. ಸ್ವಂತ ಮನೆ ಯಾವುದು ಅನ್ನುವುದಕ್ಕೆ ಹೆಜ್ಜೆ 2ರ ನೋಟ್‌ಬುಕ್ ನೋಡಿ. ನಮ್ಮಲ್ಲಿ ಚೊಂಬು ಕೇಳಿದವರಲ್ಲಿ ಹೆಚ್ಚಿನವರು ಕಲಶಕ್ಕೆ ಅಂತಲೇ ಕೇಳಿದ್ದರು, ಹಾಗಾಗಿ ಪೂಜೆ ಸಾಮಾನಿಗೆ ಹೋಯಿತು.

ಹಬ್ಬ, ಮದುವೆ, ಗೃಹಪ್ರವೇಶ, ಇವು ಕೆಟಗರಿ ಆಗಬಾರದು. ಇವು ಕಲೆಕ್ಷನ್. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಆ ಸಾಲು ಅಂಗಡಿಗಳು ರಸ್ತೆ ತುಂಬುತ್ತವೆ, ಪರಿಷೆ ಮುಗಿದ ಮೇಲೆ ರಸ್ತೆ ಮತ್ತೆ ರಸ್ತೆಯೇ. ಕಲೆಕ್ಷನ್ ಕೂಡ ಹಾಗೇ ಇರಬೇಕು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶ, ದೀಪ, ಆರತಿ ತಟ್ಟೆ, ಹರಿವಾಣ ಎಲ್ಲವನ್ನೂ ಒಂದು ಪೇಜಿಗೆ ತನ್ನಿ, ಹಬ್ಬ ಮುಗಿದ ಮೇಲೆ ಮೆನುವಿನಿಂದ ತೆಗೆಯಿರಿ. ಸಾಮಾನು ತನ್ನ ಸ್ವಂತ ಮನೆಯಲ್ಲೇ ಇರುತ್ತದೆ. ಪೇಜಿನ ವಿಳಾಸ ಮಾತ್ರ ಅಳಿಸಬೇಡಿ, ಮುಂದಿನ ವರ್ಷ ಅದೇ ವಿಳಾಸ ಬಳಸಿ.

'ಇತರೆ' ಅನ್ನುವ ಕೆಟಗರಿ ಬೇಡವೇ ಬೇಡ. ನಮ್ಮ ಪಡ್ಡು ಹಂಚು ಕಳೆದುಹೋದದ್ದೇ ಅಲ್ಲಿ. ಎಲ್ಲೂ ಸೇರದ ಸಾಮಾನು ಒಂದೆರಡು ಇದ್ದರೆ ಹತ್ತಿರದ ಕೆಟಗರಿಗೆ ಹಾಕಿ. ಏಳೆಂಟು ಇದ್ದರೆ ಅಲ್ಲೊಂದು ಹೊಸ ಕೆಟಗರಿ ಹುಟ್ಟಬೇಕಾಗಿದೆ ಅಂತ ಅರ್ಥ.

ಹೆಜ್ಜೆ 6: ಫಿಲ್ಟರ್‌ಗೆ ಶಿಸ್ತು

ಪ್ರತಿ ಕೊನೆಯ ಹಂತದ ಕೆಟಗರಿಗೂ ಅದರದ್ದೇ ಫಿಲ್ಟರ್ ಪಟ್ಟಿ ಬರೆಯಿರಿ. ಯಾವುದು ಕಡ್ಡಾಯ, ಯಾವುದು ಇದ್ದರೆ ಒಳ್ಳೆಯದು, ಯಾವ ಯಾವ ಉತ್ತರಕ್ಕೆ ಅವಕಾಶ. ಕುಕ್ಕರ್‌ಗೆ ಲೀಟರ್, ಮುಚ್ಚಳ ಒಳಗಿನದ್ದೋ ಹೊರಗಿನದ್ದೋ, ಲೋಹ, ಇಂಡಕ್ಷನ್‌ಗೆ ಆಗುತ್ತದೋ ಇಲ್ಲವೋ. ಮನೆ ಬಳಕೆಯ ಪ್ರೆಷರ್ ಕುಕ್ಕರ್‌ಗೆ 2021ರ ಫೆಬ್ರವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ, ಮಾನದಂಡದ ಸಂಖ್ಯೆ ಐಎಸ್ 2347. ಅದಕ್ಕೂ ಒಂದು ಕಾಲಂ ಇಡಿ. ಇದು ಗಿರಾಕಿಗೆ ಫಿಲ್ಟರ್ ಆಗದಿದ್ದರೂ ಪರವಾಗಿಲ್ಲ, ಗುರುತಿಲ್ಲದ ಮಾಲು ತಪ್ಪಿ ಲಿಸ್ಟ್ ಆಗದಂತೆ ನಿಮಗೆ ಕಾವಲು.

ಇಂಡಕ್ಷನ್ ಪ್ರಶ್ನೆ ಈಗ ಗಲ್ಲಾ ಮುಂದೆ ದಿನಾ ಬರುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ, ಪಿಜಿಗಳಲ್ಲಿ ಇರುವವರೇ ಜಾಸ್ತಿ ಕೇಳುತ್ತಾರೆ. ಬರೀ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಸಾಮಾನ್ಯ ಇಂಡಕ್ಷನ್ ಒಲೆ ಮೇಲೆ ಕೆಲಸ ಮಾಡುವುದಿಲ್ಲ. ಸ್ಟೀಲ್‌ನಲ್ಲೂ ಎಲ್ಲವೂ ಆಗುವುದಿಲ್ಲ. 304 ಗ್ರೇಡ್ ಸ್ಟೀಲ್‌ಗೆ ಅಯಸ್ಕಾಂತ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಕಂಪನಿಗಳು ತಳಕ್ಕೆ ಅಯಸ್ಕಾಂತ ಹಿಡಿಯುವ ಬೇರೆ ಗ್ರೇಡಿನ ಸ್ಟೀಲ್ ಕೂಡಿಸುತ್ತವೆ. ಅಂದರೆ 'ಲೋಹ: ಸ್ಟೀಲ್' ಅಂತ ಬರೆದ ಮಾತ್ರಕ್ಕೆ ಗಿರಾಕಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ, ಅಲ್ವಾ? ಒಲೆಯನ್ನು ಪ್ರತ್ಯೇಕ ಫಿಲ್ಟರ್ ಮಾಡಿ, ಕಡ್ಡಾಯ ಮಾಡಿ. ನಾವು ಒಂದು ಅಯಸ್ಕಾಂತ ಹಿಡಿದು ಗೋಡೌನ್ ಪೂರ್ತಿ ಪರೀಕ್ಷೆ ಮಾಡಿದೆವು. ವಾಪಸ್ ಬರುವ ಮಾಲು ಎದ್ದು ಕಾಣುವಷ್ಟು ಇಳಿಯಿತು.

ಉತ್ತರಗಳು ಒಂದೇ ರೀತಿ ಇರಲಿ. ಒಬ್ಬರು 'ಸ್ಟೀಲ್', ಇನ್ನೊಬ್ಬರು 'ಎಸ್‌ಎಸ್', ಮತ್ತೊಬ್ಬರು 'ಸ್ಟೇನ್‌ಲೆಸ್ ಸ್ಟೀಲ್' ಅಂತ ಟೈಪ್ ಮಾಡಿದರೆ ಸೈಟಿನಲ್ಲಿ ಮೂರು ಬೇರೆ ಆಯ್ಕೆ ಕಾಣುತ್ತವೆ, ಒಂದನ್ನು ಒತ್ತಿದವರಿಗೆ ಉಳಿದ ಎರಡರ ಮಾಲು ಕಾಣುವುದಿಲ್ಲ. ಶೀಟಿನಲ್ಲಿ ಡ್ರಾಪ್‌ಡೌನ್ ಹಾಕಿಬಿಡಿ, ಟೈಪ್ ಮಾಡಲು ಬಿಡಬೇಡಿ. ಲೀಟರ್ ಅಂದರೆ ಎಲ್ಲ ಕಡೆ ಲೀಟರ್, ಮಿಲಿಲೀಟರ್ ಅಂದರೆ ಎಲ್ಲ ಕಡೆ ಮಿಲಿಲೀಟರ್.

ನೀವು ಅಂಗಡಿ ಅಲ್ಲ, ಬ್ರ್ಯಾಂಡ್ ಆದರೆ

ಮಸಾಲೆ ಪುಡಿ ಬ್ರ್ಯಾಂಡಿನ ಕಥೆ ಬೇರೆ. ಅವರ ಹತ್ತಿರ ಮೂವತ್ತು ಚಿಲ್ಲರೆ ಪ್ರಾಡಕ್ಟ್ ಇತ್ತು, ಅಷ್ಟೇ. ಅವರಿಗೆ ಆಳವಾದ ಮರ ಬೇಕಿರಲಿಲ್ಲ. ಆದರೆ ಅವರು ತಮ್ಮ ಪುಡಿಗಳನ್ನು ತಾವೇ ಇಟ್ಟ ಸೀರೀಸ್ ಹೆಸರಿನಲ್ಲಿ ವಿಂಗಡಿಸಿದ್ದರು. ಆ ಹೆಸರು ಫ್ಯಾಕ್ಟರಿಯ ಒಳಗಿನವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತೆಗೆದು ಅಡುಗೆಯ ಪ್ರಕಾರ ಇಟ್ಟೆವು: ಸಾರು ಮತ್ತು ಹುಳಿ ಪುಡಿ, ಬಾತ್ ಪುಡಿ, ಗೊಜ್ಜು, ಚಟ್ನಿಪುಡಿ. ವಾಂಗೀಬಾತ್ ಮತ್ತು ಬಿಸಿಬೇಳೆಬಾತ್ ಪುಡಿ ಒಂದೇ ಕಡೆ ಬಂದವು, ಪುಳಿಯೋಗರೆ ಗೊಜ್ಜಿನ ಕಡೆ ಹೋಯಿತು. ಸೀರೀಸ್ ಹೆಸರು ಪ್ಯಾಕೆಟ್ ಮೇಲೆ ಉಳಿಯಿತು.

ಬ್ರ್ಯಾಂಡಿಗೆ ನಿಜವಾದ ಕೆಲಸ ಇರುವುದು ಇನ್ನೊಂದು ಕಡೆ. ನಿಮ್ಮ ಮಾಲು ಹತ್ತು ಅಂಗಡಿಗಳಲ್ಲಿ, ನಾಲ್ಕು ಆಪ್‌ಗಳಲ್ಲಿ ಇರುತ್ತದೆ, ಒಬ್ಬೊಬ್ಬರೂ ಒಂದೊಂದು ಕೆಟಗರಿಗೆ ಹಾಕುತ್ತಾರೆ. ಅದನ್ನು ತಡೆಯಲು ನೀವೇ ಒಂದು ಪೂರ್ತಿ ಶೀಟ್ ತಯಾರಿಸಿ ಎಲ್ಲರಿಗೂ ಅದನ್ನೇ ಕಳಿಸಿ: ಬಾರ್‌ಕೋಡ್, ಹೆಸರು, ಸಮಾನ ಪದಗಳು, ತೂಕ, ಫೋಟೋ, ಯಾವ ಕೆಟಗರಿಗೆ ಹೋಗಬೇಕು ಅನ್ನುವ ಸೂಚನೆ. ಬಾರ್‌ಕೋಡ್ ಸಂಖ್ಯೆ ಪಡೆಯುವುದು ಅದನ್ನು ಹಂಚುವ ಸಂಸ್ಥೆಯಾದ ಜಿಎಸ್1 ಇಂಡಿಯಾದಿಂದ. 13 ಅಂಕಿಯ ಆ ಸಂಖ್ಯೆ 890ರಿಂದ ಶುರುವಾಗುತ್ತದೆ. ಜಿಎಸ್1ನವರದ್ದೇ ಒಂದು ಜಾಗತಿಕ ವರ್ಗೀಕರಣವೂ ಇದೆ, ಸೆಗ್ಮೆಂಟ್, ಫ್ಯಾಮಿಲಿ, ಕ್ಲಾಸ್, ಬ್ರಿಕ್ ಅಂತ ನಾಲ್ಕು ಹಂತ. ದೊಡ್ಡ ಚೈನ್ ಅಂಗಡಿಗಳಿಗೆ ಮಾಲು ಕೊಡುವ ಯೋಚನೆ ಇದ್ದರೆ ಆ ಬ್ರಿಕ್ ಕೋಡನ್ನೂ ಶೀಟಿನಲ್ಲಿ ಸೇರಿಸಿಡಿ.

ಹೆಜ್ಜೆ 7: ತೆರಿಗೆಯವರ ಪಟ್ಟಿ, ಗೂಗಲ್ ಪಟ್ಟಿ, ಬೇರೆಯವರ ಪಟ್ಟಿ

ಎಚ್‌ಎಸ್‌ಎನ್ ಕೋಡ್ ಹೇಗೂ ಇದೆಯಲ್ಲ, ಅದರ ಪ್ರಕಾರವೇ ವಿಂಗಡಿಸಿದರೆ ಆಗದೇ ಅಂತ ನಮ್ಮ ಲೆಕ್ಕಪತ್ರದವರು ಕೇಳಿದ್ದರು. ಆಗುವುದಿಲ್ಲ. ಅಡುಗೆಮನೆಯ ಸ್ಟೀಲ್ ಮತ್ತು ಕಬ್ಬಿಣದ ಸಾಮಾನು 7323, ತಾಮ್ರದ್ದು 7418, ಅಲ್ಯೂಮಿನಿಯಂದು 7615, ಪ್ಲಾಸ್ಟಿಕ್‌ದು 3924. ಪಟ್ಟಿ ನಡೆದಿರುವುದೇ ಲೋಹದ ಮೇಲೆ. ಬಿಲ್ಲಿಗೆ ಇದು ಬೇಕು: ವರ್ಷದ ವಹಿವಾಟು 5 ಕೋಟಿ ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ನೋಂದಣಿ ಇರುವವರಿಗೆ ಕೊಡುವ ಬಿಲ್ಲಿನಲ್ಲಿ 4 ಅಂಕಿ, ಅದಕ್ಕಿಂತ ಮೇಲಿದ್ದರೆ ಎಲ್ಲ ಬಿಲ್ಲಿನಲ್ಲೂ 6 ಅಂಕಿ. ಆದರೆ ಅದು ಶೀಟಿನ ಒಂದು ಕಾಲಂ ಆಗಿಯೇ ಇರಲಿ, ಮೆನುವಿಗೆ ಬರುವುದು ಬೇಡ.

ಗೂಗಲ್ ಶಾಪಿಂಗ್‌ನಲ್ಲಿ ಮಾಲು ತೋರಿಸಲು ಬಳಸುವ ಗೂಗಲ್ ಪಟ್ಟಿಯೂ ಹಾಗೇ. ಅವರ ಪಟ್ಟಿಯಲ್ಲಿ 5,000ಕ್ಕೂ ಹೆಚ್ಚು ಕೆಟಗರಿ ಇವೆ, ಅವುಗಳಲ್ಲಿ ನಿಮ್ಮದಕ್ಕೆ ಅತಿ ಹತ್ತಿರದ್ದನ್ನು ಒಂದು ಕಾಲಂನಲ್ಲಿ ಬರೆದಿಡಿ. ನಿಮ್ಮ ಸ್ವಂತ ಕೆಟಗರಿಯನ್ನು ಕೊಡಲು ಅಲ್ಲಿ ಬೇರೆಯೇ ಜಾಗ ಇದೆ. ಬೇರೆ ಬೇರೆ ಆಪ್‌ಗಳ ಗಿರಾಕಿ ಮತ್ತು ಅಂಗಡಿಗಳನ್ನು ಜೋಡಿಸುವ ಜಾಲವಾದ ಒಎನ್‌ಡಿಸಿ 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ ಸಾರ್ವಜನಿಕರಿಗೆ ಪ್ರಯೋಗವಾಗಿ ಶುರುವಾಯಿತು, ಅದಕ್ಕೂ ಅದರದ್ದೇ ವಿಂಗಡಣೆ ಇದೆ, ದಿನಸಿ ಬೇರೆ, ಮನೆ ಮತ್ತು ಅಡುಗೆಮನೆ ಬೇರೆ. ಎಷ್ಟು ಕಡೆ ಮಾರುತ್ತೀರೋ ಅಷ್ಟು ಕಾಲಂ. ಬಹಳ ಜನ ದೊಡ್ಡ ಮಾರ್ಕೆಟ್‌ಪ್ಲೇಸಿನ ಪಟ್ಟಿಯನ್ನು ನಕಲು ಮಾಡಿ ತಮ್ಮ ಸೈಟಿಗೆ ಹಾಕಿಕೊಳ್ಳುತ್ತಾರೆ. ಆ ಪಟ್ಟಿ ಲಕ್ಷಗಟ್ಟಲೆ ಸಾಮಾನಿಗೆ ಅಂತ ಮಾಡಿದ್ದು. ಅದರಲ್ಲಿ ತಿಂಡಿ ಸಾಮಾನಿಗೆ ಜಾಗ ಇರುವುದಿಲ್ಲ.

ಹೆಜ್ಜೆ 8: ಸೈಟಿಗೆ ಹಾಕುವ ಮೊದಲು ಪರೀಕ್ಷೆ

ಬರೀ ಕೆಟಗರಿ ಹೆಸರುಗಳನ್ನು ಕಾಗದದ ಮೇಲೆ ಬರೆಯಿರಿ. ಫೋಟೋ ಬೇಡ, ಸರ್ಚ್ ಬೇಡ. ಚೀಟಿ ಜೋಡಿಸದ ಹೊಸ ಹತ್ತು ಜನರನ್ನು ಕರೆದು ಕೆಲಸ ಕೊಡಿ: "ಅತ್ತಿಗೆಯ ಗೃಹಪ್ರವೇಶಕ್ಕೆ ಬಿಂದಿಗೆ ಬೇಕು, ಎಲ್ಲಿ ನೋಡುತ್ತೀರಿ?" "ಮಗಳು ಹಾಸ್ಟೆಲಿಗೆ ಹೋಗುತ್ತಿದ್ದಾಳೆ, ಊಟದ ಡಬ್ಬಿ ಎಲ್ಲಿರುತ್ತದೆ?" ಅವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಗುರುತಿಸಿ. ಪ್ರಶ್ನೆಯಲ್ಲಿ ಕೆಟಗರಿಯ ಹೆಸರು ಬರಬಾರದು, ಬಂದರೆ ಪರೀಕ್ಷೆ ವ್ಯರ್ಥ. ನಮ್ಮ ಊಟದ ಡಬ್ಬಿಯ ಪ್ರಶ್ನೆಯಲ್ಲೇ 'ಡಬ್ಬಿ' ಅಂತ ಬಂದುಬಿಟ್ಟಿತ್ತು, ಆಮೇಲೆ "ಮಧ್ಯಾಹ್ನದ ಊಟ ತೆಗೆದುಕೊಂಡು ಹೋಗಲು ಏನಾದರೂ" ಅಂತ ತಿದ್ದಿ ಮತ್ತೆ ಕೇಳಿದೆ. ಬಿಂದಿಗೆಗೆ ಹತ್ತರಲ್ಲಿ ಆರು ಜನ ಪೂಜೆ ಸಾಮಾನಿನ ಕಡೆ ಹೋದರು, ನಾವು ಅದನ್ನು ಅಡುಗೆ ಪಾತ್ರೆಯಲ್ಲಿ ಇಟ್ಟಿದ್ದೆವು. ಅವತ್ತೇ ಅದರ ಮನೆ ಬದಲಿಸಿದೆವು.

ಹೆಜ್ಜೆ 9: ಬದಲಾವಣೆ ಆಷಾಢದಲ್ಲಿ ಮಾಡಿ

ಶ್ರಾವಣದಿಂದ ದೀಪಾವಳಿವರೆಗೆ ಯಾವುದನ್ನೂ ಮುಟ್ಟಬೇಡಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಮ್ಮಂಥ ಅಂಗಡಿಗೆ ಕೈ ಖಾಲಿ ಇರುವ ತಿಂಗಳು ಅದು. ಆಗ ಬದಲಿಸಿದರೆ ತಪ್ಪಾದರೂ ತಿದ್ದಲು ಸಮಯ ಸಿಗುತ್ತದೆ.

ಹಳೆಯ ಪೇಜಿನ ವಿಳಾಸ ಹೊಸ ವಿಳಾಸಕ್ಕೆ ತಾನಾಗಿ ಹೋಗುವಂತೆ 301 ರೀಡೈರೆಕ್ಟ್ ಹಾಕಿಸಿ, ಒಂದೂ ಬಿಡದಂತೆ. ಯಾವಾಗಲೋ ವಾಟ್ಸ್‌ಆಪ್‌ನಲ್ಲಿ ಕಳಿಸಿದ ಲಿಂಕನ್ನು ಜನ ವರ್ಷ ಬಿಟ್ಟು ಒತ್ತುತ್ತಾರೆ. ಅಲ್ಲಿ ಖಾಲಿ ಪೇಜ್ ಬಂದರೆ ಅಂಗಡಿ ಮುಚ್ಚಿದೆ ಅಂದುಕೊಳ್ಳುತ್ತಾರೆ. ಗೋಡೌನಿನ ರ‍್ಯಾಕ್‌ಗಳನ್ನು ಮಾತ್ರ ಹೊಸ ಕೆಟಗರಿ ಪ್ರಕಾರ ಜೋಡಿಸಲು ಹೋಗಬೇಡಿ. ಭಾರದ್ದು ಕೆಳಗೆ, ಬೇಗ ಹೋಗುವುದು ಬಾಗಿಲ ಹತ್ತಿರ, ಅಲ್ಲಿನ ನಿಯಮವೇ ಬೇರೆ. ರ‍್ಯಾಕ್ ನಂಬರ್‌ಗೆ ಶೀಟಿನಲ್ಲಿ ಇನ್ನೊಂದು ಕಾಲಂ ಕೊಟ್ಟರೆ ಮುಗಿಯಿತು.

ಹೆಜ್ಜೆ 10: ತಿಂಗಳಿಗೊಮ್ಮೆ ಒಂದು ಗಂಟೆ

ಇವತ್ತು ಬಳೆಪೇಟೆಗೆ ಹೋದರೆ ವೀಣೆ, ಹಾರ್ಮೋನಿಯಂ ಮಾರುವ ಅಂಗಡಿಗಳು ಸಿಗುತ್ತವೆ. ಮಾಲು ಬದಲಾಯಿತು, ಹೆಸರು ಉಳಿಯಿತು. ಊರಿಗೆ ಅದು ಚೆಂದ, ನಿಮ್ಮ ಮೆನುವಿಗೆ ಹಾಗಾಗಬಾರದು. ಅದಕ್ಕೆ ಒಬ್ಬರನ್ನು ಹೊಣೆ ಮಾಡಿ. ಹೊಸ ಕೆಟಗರಿ ಸೇರಿಸುವ ಅಧಿಕಾರ ಅವರೊಬ್ಬರಿಗೇ ಇರಲಿ, ಇಲ್ಲದಿದ್ದರೆ ಮಾಲು ಏರಿಸುವ ಪ್ರತಿಯೊಬ್ಬರೂ ತಮಗೆ ತೋಚಿದ್ದು ಸೇರಿಸುತ್ತಾರೆ. ಮೂರೇ ಸಾಮಾನು ಉಳಿದಿರುವ ಕೆಟಗರಿಯನ್ನು ಪಕ್ಕದ್ದಕ್ಕೆ ಸೇರಿಸಿ. ನೂರು ದಾಟಿದ್ದನ್ನು ಒಡೆಯುವ ಮೊದಲು ಫಿಲ್ಟರ್ ಸಾಕಾಗುತ್ತದೆಯೇ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಸೈಟಿನ ಸರ್ಚ್‌ನಲ್ಲಿ 'ಏನೂ ಸಿಗಲಿಲ್ಲ' ಅಂತ ಉತ್ತರ ಬಂದ ಪದಗಳ ಪಟ್ಟಿ ತೆಗೆಯಿರಿ. ಶಾಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಈ ವರದಿ ಸಾಮಾನ್ಯವಾಗಿ ಇರುತ್ತದೆ, ನಿಮ್ಮದರಲ್ಲಿ ಇಲ್ಲದಿದ್ದರೆ ಸೈಟ್ ಮಾಡಿದವರನ್ನು ಕೇಳಿ ಹಾಕಿಸಿಕೊಳ್ಳಿ. ಪಟ್ಟಿಯಲ್ಲಿ ಎರಡು ಥರದ ಪದ ಇರುತ್ತವೆ: ನಿಮ್ಮಲ್ಲಿ ಇಲ್ಲದ ಮಾಲು, ಮತ್ತು ಇದ್ದೂ ಸಿಗದ ಮಾಲು. ಮೊದಲನೆಯದನ್ನು ಖರೀದಿ ಮಾಡುವವರಿಗೆ ಕೊಡಿ, ಎರಡನೆಯದನ್ನು ನೀವೇ ಅವತ್ತೇ ಸರಿಮಾಡಿ. ನಾನು ಮೊದಲ ಸಲ ಈ ಪಟ್ಟಿ ತೆಗೆದಾಗ 'ಮುದ್ದೆ ಕೋಲು' ಮೇಲಿಂದ ನಾಲ್ಕನೆಯ ಸಾಲಿನಲ್ಲಿತ್ತು. ಗೋಡೌನಿನಲ್ಲಿ ಒಂದು ಗೋಣಿಚೀಲ ತುಂಬ ಇದ್ದವು. ಸೈಟಿನಲ್ಲಿ ಅದರ ಹೆಸರು 'ವುಡನ್ ಸ್ಟಿಕ್ ದೊಡ್ಡದು' ಅಂತಿತ್ತು. ಹೆಸರು ತಿದ್ದಿ, ಸಮಾನ ಪದ ಸೇರಿಸಿ, ಅಡುಗೆ ಪಾತ್ರೆಯ ಕೆಳಗೆ ಸೌಟುಗಳ ಪಕ್ಕ ಇಟ್ಟೆ. ಎರಡು ದಿನ ಬಿಟ್ಟು ಮೊದಲ ಆರ್ಡರ್ ಮಂಡ್ಯದಿಂದ ಬಂತು.